‘ನಾವು’ ಎಂಬ ತಪ್ಪು

ಇಷ್ಟು ಕೆಳಗೆ ತಾನು ಯಾವತ್ತೂ ಬಂದಿರಲಿಲ್ಲ ಎಂದು ಹೊರಗಿನ ಪರೀಕ್ಷಕನಾಗಿ ಬಂದಿದ್ದ ಎಬ್ಬೆ ಹೇಳಿದಾಗ ಶಾಲೆಯ ಇತಿಹಾಸದ ಟೀಚರು ಬೊಟಿಲ್ಲಾ ನಕ್ಕಳು. ನಕ್ಕ ಮರುಕ್ಷಣ ಮೈಯೆಲ್ಲ ಉರಿಯಿತು. ಸಿಟ್ಟು ಅವನ ಮೇಲಲ್ಲ, ತನ್ನ ತುಟಿಗಳ ಮೇಲೆ. ತಾನು ಅಪ್ಪಣೆ ಕೊಡುವ ಮೊದಲೇ ಅವು ಅಗಲವಾಗಿ ಹಿಗ್ಗಿ ಅತಿಥಿಗೆ ಬೇಕಾದ್ದನ್ನು ಬಡಿಸಿಬಿಟ್ಟಿದ್ದವು. ಕೋಪನ್‌ಹೇಗನ್ ಕಡೆಯಿಂದ ಬಂದವರೆಲ್ಲ ಹಾಗೇ ಹೇಳುತ್ತಾರೆ, ಕೆಳಗೆ. ಡೆನ್ಮಾರ್ಕಿನ ನಕಾಶೆಯನ್ನು ಗೋಡೆಗೆ ತೂಗುಹಾಕಿದರೆ ಅವಳ ಊರು ಲಿಂಗ್‌ಟೋಫ್ಟ್ ಕೆಳಗೇ ಇದೆ, ಜರ್ಮನಿಯ ಗಡಿಗೆ ಅಂಟಿಕೊಂಡು, ಅದೇನು ಸುಳ್ಳಲ್ಲ. ಆದರೆ ಅವನು ಹಾಗೆನ್ನುವಾಗ ನಕಾಶೆ ನೋಡುತ್ತಿರಲಿಲ್ಲ. ಕಿಟಕಿಯಾಚೆಯ ಹಂದಿ ಕೊಟ್ಟಿಗೆಗಳ ಉದ್ದುದ್ದ ಮಾಡುಗಳನ್ನೂ ಅವುಗಳ ಹಿಂದೆ ಒಂದೇ ಸಮನೆ ತಿರುಗುವ ಗಾಳಿಯಂತ್ರಗಳನ್ನೂ ನೋಡುತ್ತಿದ್ದ. ಬೊಟಿಲ್ಲಾ ಮೇಜಿನ ಮೇಲೆ ಹಸಿರು ಬಟ್ಟೆ ಹಾಸುತ್ತಿದ್ದಳು. ಮೌಖಿಕ ಪರೀಕ್ಷೆಗೆ ಹಸಿರು ಬಟ್ಟೆ ಆಗಲೇಬೇಕು, ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಅದರ ಒಂದು ಮೂಲೆಯಲ್ಲಿ ಯಾವುದೋ ಕಾಲದ ಕಾಫಿ ಕಲೆ ಇತ್ತು. ಕಲೆ ತನ್ನ ಕಡೆಗೆ ಬರುವಂತೆ ಬಟ್ಟೆ ತಿರುಗಿಸಿ, ಹೊರಗಿನ ಪರೀಕ್ಷಕನ ಕಡೆಗೆ ಶುಭ್ರವಾದ ತುದಿಯನ್ನು ಎಳೆದು ಕೈಯಿಂದ ನೇವರಿಸಿದಳು. ಅದಕ್ಕೂ ಸಿಟ್ಟು ಬಂತು.

ನಿನ್ನೆ ಸಂಜೆ ಈ ಮನುಷ್ಯನಿಗಾಗಿ ಅವಳು ಕೇಕು ಮಾಡಿದ್ದಳು. ಒಣಗಿದ ರೈ ಬ್ರೆಡ್ಡನ್ನು ತುರಿದು, ಮೊಟ್ಟೆ, ಹೇಜಲ್ ಬೀಜದ ಪುಡಿ ಬೆರೆಸಿ, ನಡುವೆ ಕಪ್ಪು ಕರಂಟ್ ಹಣ್ಣಿನ ಜಾಮು ಬಳಿದು, ಮೇಲೆ ಕೆನೆ. ಈ ಕಡೆಯವರು ಮದುವೆಗೂ ಮಣ್ಣಿಗೂ ಮಾಡುವ ಕೇಕು. ಇವತ್ತು ಮಧ್ಯಾಹ್ನದ ಊಟ ಮುಗಿಸಿ ಎಬ್ಬೆ ಮೊದಲ ತುಂಡು ಬಾಯಿಗಿಟ್ಟು ಹುಬ್ಬೇರಿಸಿ, ಇದರಲ್ಲಿ ನಿಜವಾಗಿ ಬ್ರೆಡ್ಡೇ ಇದೆಯೇ ಎಂದು ಕೇಳಿದ. ಇದೆ ಎಂದ ಮೇಲೆ, ಇಂಥದ್ದೆಲ್ಲ ನಮ್ಮ ದೇಶದಲ್ಲೇ ಇದೆ ಅಂದರೆ ನಂಬುವುದೇ ಕಷ್ಟ ಎಂದು ಮನಸಾರೆ ಹೊಗಳಿದ. ಎರಡನೇ ತುಂಡನ್ನೂ ಕೇಳಿ ಹಾಕಿಸಿಕೊಂಡ. ಅವನು ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಬೊಟಿಲ್ಲಾಳಿಗೆ ಅನ್ನಿಸಿತು. ಬೆಳಿಗ್ಗೆಯಿಂದ ಅವನು ಹುಡುಗ ಹುಡುಗಿಯರನ್ನು ನೋಯಿಸಿರಲಿಲ್ಲ, ಗಡಿಯಾರ ನೋಡಿರಲಿಲ್ಲ, ತಡವರಿಸಿದವರಿಗೆ ನೀರು ಬಗ್ಗಿಸಿ ಕೊಟ್ಟಿದ್ದ. ಊಟಕ್ಕೆ ಕೂತಾಗ ಅವಳ ಪಾಠಕ್ರಮದ ಬಗ್ಗೆ ಕುತೂಹಲದಿಂದಲೇ ಮಾತೆತ್ತಿದ್ದ. ದೇಶದ ಇತಿಹಾಸದ ಜೊತೆ ಊರಿನ ಇತಿಹಾಸವನ್ನೂ ಕಲಿಸುವುದು ಒಳ್ಳೆಯದೇ, ಆದರೆ ಅದು ತಟ್ಟೆಯ ಬದಿಯಲ್ಲಿ ಇಡುವ ಬೀಟ್ರೂಟ್ ಉಪ್ಪಿನಕಾಯಿಯಂತೆ ಇರಬೇಕು, ಅದೇ ಊಟವಾಗಬಾರದು ಎಂದಿದ್ದ. ಹೌದು ಹೌದು ಎಂದಿದ್ದಳು ಬೊಟಿಲ್ಲಾ. ಒಂದು ಸಲ ಹೌದು ಎಂದಿದ್ದರೆ ಸಾಕಿತ್ತು.

ಅದು ಬದಿಯ ಉಪ್ಪಿನಕಾಯಿ ಅಲ್ಲವೆಂದು ತಿಳಿಸಲಿಕ್ಕೇ ಅವಳು ಇಷ್ಟು ವರ್ಷ ಬಡಿದಾಡಿದ್ದು. ಪಠ್ಯಪುಸ್ತಕದಲ್ಲಿ ಒಂದು ವಾಕ್ಯವಿದೆ: ಮೊದಲ ಮಹಾಯುದ್ಧದಲ್ಲಿ ನಾವು ಹೊರಗೆ ಉಳಿದೆವು. ಅದರ ಮುಂದಿನ ಪುಟದಲ್ಲಿ ಬಿಳಿ ಕುದುರೆಯ ಮೇಲೆ ಕೂತು ಡೆನ್ಮಾರ್ಕಿನ ರಾಜ ಹಳೆಯ ಗಡಿ ದಾಟಿ ಬರುವ ಚಿತ್ರ, ಅದರ ಕೆಳಗೆ ಮರುಸೇರ್ಪಡೆ ಎಂಬ ದಪ್ಪಕ್ಷರ. ಹೊರಗೆ ಉಳಿದದ್ದಕ್ಕೂ ಬಿಳಿ ಕುದುರೆಗೂ ನಡುವೆ ಒಂದು ಖಾಲಿ ಸಾಲು. ಲಿಂಗ್‌ಟೋಫ್ಟ್ ಇರುವುದು ಆ ಖಾಲಿ ಸಾಲಿನಲ್ಲಿ. ಅದಕ್ಕೂ ಐವತ್ತು ವರ್ಷ ಹಿಂದಿನ ಇನ್ನೊಂದು ಯುದ್ಧದಲ್ಲಿ ಸೋತು ಡೆನ್ಮಾರ್ಕ್ ಈ ನೆಲವನ್ನು ಬಿಟ್ಟುಕೊಟ್ಟ ಮೇಲೆ ಎರಡು ತಲೆಮಾರು ಇಲ್ಲಿಯವರು ಜರ್ಮನಿಯ ಪ್ರಜೆಗಳಾಗಿದ್ದರು. ಮಹಾಯುದ್ಧ ಬಂದಾಗ ಮನೆಯಲ್ಲಿ ಡೇನಿಷ್ ಮಾತಾಡುವ ಹುಡುಗರು ಜರ್ಮನ್ ಚಕ್ರವರ್ತಿ ಕೈಸರನ ಸಮವಸ್ತ್ರ ತೊಟ್ಟು ಹೋದರು. ಜರ್ಮನಿ ಸೋತ ಮೇಲಷ್ಟೇ ನೆಲ ಡೆನ್ಮಾರ್ಕಿಗೆ ಮರಳಿತು. ಚರ್ಚಿನ ಗೋಡೆಯ ಕಲ್ಲಿನಲ್ಲಿ ಅವರ ಹೆಸರುಗಳಿವೆ. ಮಡಿದರು ಎಂದಷ್ಟೇ ಕೆತ್ತಿದ್ದಾರೆ, ಯಾರಿಗಾಗಿ ಎಂದು ಕೆತ್ತಿಲ್ಲ. ಬೊಟಿಲ್ಲಾ ಪ್ರತಿ ವರ್ಷ ಮಕ್ಕಳನ್ನು ಆ ಕಲ್ಲಿನ ಮುಂದೆ ನಿಲ್ಲಿಸಿ ಒಂದು ಕೆಲಸ ಕೊಡುತ್ತಾಳೆ. ಆ ಸೋಲಿನಿಂದ ಹಿಡಿದು ಬಿಳಿ ಕುದುರೆಯವರೆಗೆ ಈ ಊರಿಗೆ ಆದದ್ದನ್ನೆಲ್ಲ ಬರೆಯಿರಿ, ಆದರೆ ಒಂದೇ ಷರತ್ತು: ಎಲ್ಲ ಕಡೆಯೂ ‘ನಾವು’ ಎಂದೇ ಬರೆಯಬೇಕು. ಡೇನರು, ಜರ್ಮನರು, ಅವರು, ಇವರು ಅನ್ನುವ ಹಾಗಿಲ್ಲ. ಹೊಸ ಚಪ್ಪಲಿ ಹಾಕಿಕೊಂಡು ಓಡಾಡಿದ ಹಾಗೆ ಓಡಾಡಿ, ‘ನಾವು’ ಎಲ್ಲಿ ಕಚ್ಚುತ್ತದೆ ನೋಡಿ. ಮೊದಮೊದಲು ಮಕ್ಕಳು ಗೊಳ್ಳೆಂದು ನಗುತ್ತಾರೆ. ನಾವು ನಮ್ಮ ವಿರುದ್ಧವೇ ಗುಂಡು ಹಾರಿಸಿದೆವಾ ಎಂದು ಒಬ್ಬ ಕೇಳುತ್ತಾನೆ. ಆಮೇಲೆ ನಗು ನಿಲ್ಲುತ್ತದೆ. ಆ ನಿಲ್ಲುವ ಗಳಿಗೆಗಾಗಿಯೇ ತಾನು ಮೇಷ್ಟರ ಕೆಲಸದಲ್ಲಿ ಉಳಿದಿರುವುದು ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ.

ಆ ‘ನಾವು’ ಅವಳು ಕಂಡುಹಿಡಿದದ್ದೇನಲ್ಲ, ಅಜ್ಜಿಯದು. ಅಡುಗೆಮನೆಯ ಬೆಂಚಿನ ಮೇಲೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಅಜ್ಜಿ ಹವಾಮಾನದ ವಿಷಯ ಹೇಳಿದಷ್ಟು ಸಲೀಸಾಗಿ, “ಆಗ ನಾವು ಫ್ರಾನ್ಸ್‌ನಾಗ ಸತ್ವಿ,” ಎನ್ನುತ್ತಿದ್ದಳು. ಸತ್ತದ್ದು ಅಜ್ಜಿಯ ಅಪ್ಪ, ಅವಳು ಹೊಟ್ಟೆಯಲ್ಲಿದ್ದಾಗ. ಪುಟ್ಟ ಬೊಟಿಲ್ಲಾಳಿಗೆ ಅದು ಗೊತ್ತಿರಲಿಲ್ಲ. ಅಜ್ಜಿ ಒಂದು ಸಲ ಫ್ರಾನ್ಸಿಗೆ ಹೋಗಿ ಸತ್ತು, ಅಲ್ಲಿ ಸರಿಹೋಗದೆ ವಾಪಸು ಬಂದಿದ್ದಾಳೆ ಎಂದೇ ಬಹಳ ದಿನ ನಂಬಿದ್ದಳು. ಅಜ್ಜಿಯ ಕೈ ಮುಟ್ಟಿ ಬೆಚ್ಚಗಿದೆಯೇ ಎಂದು ನೋಡುತ್ತಿದ್ದಳು. ಆ ಮಾತನ್ನು ಅಜ್ಜಿ ಬೇರೆ ಯಾವ ಮಾತಿನಲ್ಲೂ ಹೇಳುತ್ತಿರಲಿಲ್ಲ, ಊರಿನ ಮಾತಿನಲ್ಲೇ ಹೇಳಬೇಕು, ರೇಡಿಯೋದ ಡೇನಿಷಿನಲ್ಲಿ ಹೇಳಿದರೆ ಅದು ಸುಳ್ಳಾಗಿಬಿಡುತ್ತದೆ. ಹದಿನೆಂಟರ ಬೊಟಿಲ್ಲಾ ಮೊದಲ ಸಲ ಕೋಪನ್‌ಹೇಗನ್ನಿಗೆ ಹೋದಾಗ ಬೇಕರಿಯಲ್ಲಿ ಅದೇ ಮಾತಿನಲ್ಲಿ ಒಂದು ಬ್ರೆಡ್ಡು ಕೇಳಿದ್ದಳು. ಕೌಂಟರಿನ ಹುಡುಗಿ ಮುಗುಳ್ನಕ್ಕು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಹಿಂದೆ ಸಾಲು ನಿಂತವರಲ್ಲಿ ಯಾರೂ ನಗಲಿಲ್ಲ, ನಕ್ಕಿದ್ದರೆ ವಾಸಿಯಿತ್ತು. ಬೊಟಿಲ್ಲಾ ಬೆರಳು ಮಾಡಿ ಬ್ರೆಡ್ಡು ತೋರಿಸಿ, ಹಣ ಕೊಟ್ಟು, ಹೊರಗೆ ಬಂದು, ಅದನ್ನು ತಿನ್ನಲಿಲ್ಲ. ಆ ಚಳಿಗಾಲದಲ್ಲಿ ಅವಳು ನಾಲಿಗೆಯನ್ನು ತಿಕ್ಕಿ ತಿಕ್ಕಿ ತೊಳೆದಳು. ಈಗ ಫೋನಿನಲ್ಲಿ ಯಾರೂ ಅವಳನ್ನು ಯಾವ ಕಡೆಯವರು ಎಂದು ಕೇಳುವುದಿಲ್ಲ.

“ಮುಂದಿನವರು ಯಾರು?” ಎಂದ ಎಬ್ಬೆ, ಕೆನೆ ಹತ್ತಿದ ಬೆರಳನ್ನು ಒರೆಸಿಕೊಳ್ಳುತ್ತಾ.

ಮಾರೆನ್ ಟಾಗೆಸೆನ್. ಹೆಸರು ಹೇಳುವಾಗ ಬೊಟಿಲ್ಲಾಳ ದನಿಯಲ್ಲಿ ಹೆಮ್ಮೆ ಇಣುಕಿತು, ಅದನ್ನು ಅಡಗಿಸಲು ಕೆಮ್ಮಿದಳು. ಈ ಹುಡುಗಿಗೆ ಇದು ಕೊನೆಯ ಪರೀಕ್ಷೆ. ಇದು ಮುಗಿದರೆ ಶಾಲೆಯೇ ಮುಗಿಯಿತು. ಹೊರಗೆ ಕಾರಿಡಾರಿನಲ್ಲಿ ಅವಳ ತಾತ ನಿಸ್ ಬಿಳಿ ಟೋಪಿಯ ಡಬ್ಬಿ ಹಿಡಿದು ಕೂತಿದ್ದ. ಶಾಲೆ ಮುಗಿಸಿದವರ ತಲೆಗೆ ಮನೆಯವರು ಬಾಗಿಲಲ್ಲೇ ಇಡುವ ಟೋಪಿ ಅದು. ಅಪ್ಪ ಅಮ್ಮ ಕೆಲಸ ಮುಗಿಸಿ ಸಂಜೆ ಬರುವವರಿದ್ದರು, ತಾತ ಮಾತ್ರ ಕೋಟು ತೊಟ್ಟು ಊಟಕ್ಕೂ ಮೊದಲೇ ಬಂದಿದ್ದ. ಬೊಟಿಲ್ಲಾ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಊರಿನ ಬಸ್ಸು ಓಡಿಸುತ್ತಿದ್ದವನು ಅವನೇ. ಮಾರೆನ್ ಮುಂದೆ ಇತಿಹಾಸವನ್ನೇ ಓದಬೇಕೆಂದಿದ್ದಾಳೆ, ಓದಿ ಇಲ್ಲಿಗೇ ಬಂದು ಪಾಠ ಮಾಡಬೇಕೆಂದಿದ್ದಾಳೆ. ವಿಶ್ವವಿದ್ಯಾಲಯಕ್ಕೆ ಸೇರಲು ಇವತ್ತಿನ ಅಂಕ ಚೆನ್ನಾಗಿ ಬರಬೇಕು. ಎಲ್ಲಕ್ಕಿಂತ ಮೇಲಿನ ಅಂಕ ಹನ್ನೆರಡು, ಅದು ಬಂದರೆ ಕಣ್ಣು ಮುಚ್ಚಿ ಸೀಟು, ಹತ್ತಾದರೂ ಆದೀತು, ಏಳಾದರೆ ದೇವರ ದಯೆ, ನಾಲ್ಕಾದರೆ ಮರೆತುಬಿಡಬೇಕು.

ಹುಡುಗಿ ಬಂದು ಕೂತಳು. ಚೀಟಿಯಲ್ಲಿ ಅವಳಿಗೆ ಬಂದಿದ್ದ ವಿಷಯ ಡೆನ್ಮಾರ್ಕ್ ಮತ್ತು ಮೊದಲ ಮಹಾಯುದ್ಧ. ಅವಳೇ ಆರಿಸಿಕೊಂಡಿದ್ದರೂ ಇದಕ್ಕಿಂತ ಚೆನ್ನಾದದ್ದು ಸಿಗುತ್ತಿರಲಿಲ್ಲ. ಮೊದಲ ಹತ್ತು ನಿಮಿಷ ಮಾರೆನ್ ಮಾತಾಡಿದ್ದನ್ನು ಕೇಳುತ್ತಾ ಬೊಟಿಲ್ಲಾ ಉಸಿರಾಡುವುದನ್ನೇ ಮರೆತಿದ್ದಳು. ತಟಸ್ಥ ದೇಶವಾಗಿರುವುದು ಎಂದರೇನು, ಎರಡೂ ಕಡೆಗೆ ಬೆಣ್ಣೆ ಮತ್ತು ಹಂದಿಮಾಂಸ ಮಾರಿ ಯಾರು ಕೊಬ್ಬಿದರು, ಯಾರು ರೊಟ್ಟಿಗೆ ಸಾಲು ನಿಂತರು, ಎಲ್ಲವನ್ನೂ ಹುಡುಗಿ ಒಂದರ ಮೇಲೊಂದು ಇಟ್ಟಿಗೆ ಇಟ್ಟ ಹಾಗೆ ಹೇಳುತ್ತಾ ಹೋದಳು. ಎಬ್ಬೆ ಮೆಚ್ಚಿ ತಲೆಯಾಡಿಸುತ್ತಿದ್ದ. ಆಮೇಲೆ ಅವಳು ಚರ್ಚಿನ ಕಲ್ಲಿಗೆ ಬಂದಳು. ನಾವು ಸೋತೆವು, ಎಂದಳು. ನಮ್ಮನ್ನು ಬಿಟ್ಟುಕೊಟ್ಟರು. ಐವತ್ತು ವರ್ಷ ಆದಮೇಲೆ ನಾವು ಯುದ್ಧಕ್ಕೆ ಹೋದೆವು.

ಎಬ್ಬೆ ಪೆನ್ನು ಎತ್ತಿ ಮೃದುವಾಗಿ ತಡೆದ. ಎಲ್ಲಿಗೆ ಹೋದೆವು, ಎಂದು ಕೇಳಿದ. ಡೆನ್ಮಾರ್ಕ್ ತಟಸ್ಥವಾಗಿತ್ತು ಎಂದು ಈಗಷ್ಟೆ ಅವಳೇ ಸೊಗಸಾಗಿ ವಿವರಿಸಿದ್ದಳಲ್ಲ.

“ಡೆನ್ಮಾರ್ಕ್ ತಟಸ್ಥವಾಗಿತ್ತು,” ಎಂದಳು ಮಾರೆನ್. “ನಾವು ಇರಲಿಲ್ಲ.”

ಬೊಟಿಲ್ಲಾಳಿಗೆ ಆ ಕ್ಷಣ ಎದ್ದು ಹುಡುಗಿಯ ಕೆನ್ನೆ ಹಿಡಿದುಕೊಳ್ಳಬೇಕು ಅನ್ನಿಸಿತು. ಇಷ್ಟು ವರ್ಷ ತಾನು ತರಗತಿಗಳಲ್ಲಿ ಸುತ್ತಿ ಬಳಸಿ ಹೇಳಲು ಒದ್ದಾಡಿದ್ದನ್ನು ಇವಳು ಎರಡೇ ಮಾತಿನಲ್ಲಿ ಮೇಜಿನ ಮೇಲೆ ಇಟ್ಟುಬಿಟ್ಟಿದ್ದಳು. ಎಬ್ಬೆ ಏನೋ ಬರೆದುಕೊಂಡ. ಹಾಗಾದರೆ ಈ ‘ನಾವು’ ಅಂದರೆ ಯಾರು ಎಂದು ಕೇಳಿದ, ನಿಜವಾದ ಆಸಕ್ತಿಯಿಂದಲೇ. ಮಾರೆನ್ ತಿರುಗಿ ಬೊಟಿಲ್ಲಾಳನ್ನು ನೋಡಿದಳು. ಏನೂ ಬೇಡುವ ನೋಟವಲ್ಲ ಅದು, ಮನೆಯಲ್ಲಿ ಯಾರಾದರೂ ಗೊತ್ತಿಲ್ಲದವರು ಬಂದು ಉಪ್ಪು ಎಲ್ಲಿದೆ ಎಂದು ಕೇಳಿದರೆ ಮನೆಯವರ ಮುಖ ನೋಡುವ ಹಾಗೆ ಸುಮ್ಮನೆ ನೋಡಿದಳು. ಬೊಟಿಲ್ಲಾ ಆಗ ಒಂದು ಪ್ರಶ್ನೆ ಕೇಳಬಹುದಿತ್ತು. ಅದಕ್ಕೆ ನಿಯಮದಲ್ಲಿ ಜಾಗವಿದೆ, ಕೇಳುವುದು ಅವಳ ಕೆಲಸವೇ. ಪಠ್ಯಪುಸ್ತಕದ ‘ನಾವು’ ಯಾರು ಎಂದು ಕೇಳಿದ್ದರೆ ಸಾಕಿತ್ತು, ಹುಡುಗಿ ಉಳಿದದ್ದನ್ನು ಎಳೆದುಕೊಂಡು ಹೋಗುತ್ತಿದ್ದಳು. ಬೊಟಿಲ್ಲಾ ಹಸಿರು ಬಟ್ಟೆಯ ಕಾಫಿ ಕಲೆಯನ್ನು ನೋಡಿದಳು. ಅದರ ಅಂಚು ಕಂದು, ನಡುವೆ ಬಣ್ಣ ತಿಳಿಯಾಗಿತ್ತು. ಸ್ವಂತ ವಿದ್ಯಾರ್ಥಿಗೆ ಉತ್ತರ ಹೇಳಿಕೊಡುತ್ತಿದ್ದಾಳೆ ಎಂದು ಅವನು ಅಂದುಕೊಂಡಾನು ಎಂಬ ಭಯ ಅವಳನ್ನು ಹಿಡಿದಿತ್ತು. ಅದಕ್ಕಿಂತ ಕೆಳಗೆ ಇನ್ನೊಂದು ಭಯವಿತ್ತು, ಬಾಯಿ ತೆರೆದರೆ ತನಗೆ ಯಾವ ಮಾತು ಬಂದೀತು ಎಂದು.

ಕೊನೆಗೆ ಮಾರೆನ್‌ಳ ಕೆನ್ನೆ ಕೆಂಪಾಗಿ, ಪರೀಕ್ಷೆಯ ಡೇನಿಷ್ ಜಾರಿಬಿದ್ದು, ಊರಿನ ಮಾತೇ ಹೊರಗೆ ಬಂತು. “ನಾವಂದ್ರ ನಾವರಿ. ಮತ್ತ್ಯಾರು?”

ಎಬ್ಬೆ ನಕ್ಕ. ಆ ನಗುವಿನಲ್ಲಿ ಕೇಕಿನ ಎರಡನೇ ತುಂಡು ಕೇಳಿದಾಗ ಇದ್ದ ಅದೇ ಸಂತೋಷವಿತ್ತು. ಎಂಥ ಚಂದದ ಮಾತು ಎಂದ. ಆಮೇಲೆ ಕೆಲಸಕ್ಕೆ ಮರಳಿ, ಆಗ ಊರಿನಲ್ಲಿ ಮನಸ್ಸಿನಲ್ಲಿ ಜರ್ಮನಿಯ ಪರವಾಗಿದ್ದವರೂ ಇದ್ದರಲ್ಲ, ಅವರೂ ‘ನಾವು’ ಒಳಗೆ ಸೇರುತ್ತಾರೋ ಎಂದು ಕೇಳಿದ. ಮಾರೆನ್ ಹೌದೆಂದಳು, ಅವರೂ ಇದೇ ಊರವರು. ಬಿಳಿ ಕುದುರೆ ಬಂದಾಗ ಹೂವು ಎಸೆದವರು? ಅವರೂ. ಕಿಟಕಿ ಮುಚ್ಚಿಕೊಂಡು ಒಳಗೆ ಕೂತವರು? ಅವರೂ. ಪ್ರಶ್ನೆ ಒಂದೊಂದು ಬಂದಂತೆ ಹುಡುಗಿಯ ಉತ್ತರ ಗಿಡ್ಡವಾಗುತ್ತಾ ಹೋಯಿತು. ತಾನು ಸರಿಯಾದದ್ದನ್ನೇ ಹೇಳುತ್ತಿದ್ದರೂ ಎದುರಿನವರ ಮುಖದಲ್ಲಿ ಅದು ತಪ್ಪಾಗುತ್ತಾ ಹೋಗುವುದನ್ನು ಅವಳು ನೋಡುತ್ತಿದ್ದಳು. ಹಾಗೆ ನೋಡುವುದು ಹೇಗಿರುತ್ತದೆಂದು ಬೇಕರಿಯ ಆ ದಿನದಿಂದಲೇ ಬೊಟಿಲ್ಲಾಳಿಗೆ ಚೆನ್ನಾಗಿ ಗೊತ್ತಿತ್ತು. ಹೊತ್ತಾಯಿತು ಎಂದು ಹೇಳಿ ಹುಡುಗಿಯನ್ನು ಹೊರಗೆ ಕಳಿಸಿದಳು. ಬಾಗಿಲು ಮುಚ್ಚಿತು.

ಇಬ್ಬರೇ ಉಳಿದಾಗ ಎಬ್ಬೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಒಳ್ಳೆಯ ಹುಡುಗಿ, ತುಂಬ ಒಳ್ಳೆಯ ಹುಡುಗಿ ಎಂದ. ಆಮೇಲೆ ನಾಲ್ಕು ಎಂದ. ಬೊಟಿಲ್ಲಾಳ ಮನಸ್ಸಿನಲ್ಲಿ ಹನ್ನೆರಡು ಸಿದ್ಧವಾಗಿ ಕೂತಿತ್ತು. ಬಾಯಿಂದ ಬಂದದ್ದು ಹತ್ತು. ಯಾರೂ ಕೇಳದೆಯೇ ಎರಡನ್ನು ತಾನೇ ಇಳಿಸಿ ಕೊಟ್ಟಿದ್ದಳು, ಸಂತೆಯಲ್ಲಿ ಗಿರಾಕಿಯ ಮುಖ ನೋಡಿಯೇ ಬೆಲೆ ಇಳಿಸುವವರ ಹಾಗೆ. ಎಬ್ಬೆ ತನ್ನ ಕಾರಣಗಳನ್ನು ಹೇಳುತ್ತಾ ಹೋದ. ಕೋಪವಿಲ್ಲ, ಅಹಂಕಾರವಿಲ್ಲ. ಮೊದಲರ್ಧ ಅಪ್ಪಟ ಚಿನ್ನ ಎಂದ. ಆದರೆ ದ್ವಿತೀಯಾರ್ಧದಲ್ಲಿ ಹುಡುಗಿ ತನ್ನನ್ನೂ ತಾನು ಓದುತ್ತಿರುವ ವಿಷಯವನ್ನೂ ಬೇರೆ ಮಾಡಲಾರದೆ ಹೋದಳು. ಒಂದೇ ‘ನಾವು’ ಗಡಿಯ ಈ ಕಡೆಗೂ ಆ ಕಡೆಗೂ, ಗೆದ್ದವರಿಗೂ ಸೋತವರಿಗೂ ಅನ್ವಯಿಸುವುದಾದರೆ ಅದು ಇತಿಹಾಸವಲ್ಲ, ಕುಟುಂಬದ ಮಾತು. ಇದು ವ್ಯಾಕರಣದ ತಪ್ಪಲ್ಲ, ಯೋಚನೆಯ ತಪ್ಪು. ಪರೀಕ್ಷೆಯಲ್ಲಿ ಇತಿಹಾಸಕ್ಕೆ ಅಂಕ, ಭಾವನೆಗಲ್ಲ.

ಬೊಟಿಲ್ಲಾಳ ಗಂಟಲಿನಲ್ಲಿ ಮಾತುಗಳು ನೂಕಾಡತೊಡಗಿದವು. ನಾವು ಹೊರಗೆ ಉಳಿದೆವು ಎಂದು ನಿನ್ನ ಪುಸ್ತಕವೇ ಬರೆಯುತ್ತದಲ್ಲ, ಆ ‘ನಾವು’ ಯಾರು ಎಂದು ಯಾವ ಪರೀಕ್ಷಕನಾದರೂ ಪೆನ್ನು ಎತ್ತಿ ಕೇಳಿದ್ದಾನಾ? ನಿನ್ನ ‘ನಾವು’ ಇತಿಹಾಸ, ಅವಳದು ಕುಟುಂಬದ ಮಾತು, ಇದನ್ನು ಯಾರು ತೀರ್ಮಾನ ಮಾಡಿದ್ದು? ಆ ಪುಸ್ತಕ ಬರೆದವರ ಮುತ್ತಜ್ಜ ಬೆಣ್ಣೆ ಮಾರಿ ದುಡ್ಡು ಎಣಿಸುತ್ತಿದ್ದಾಗ ನಮ್ಮ ಮುತ್ತಜ್ಜ ಕೆಸರಿನಲ್ಲಿ ಕೊಳೆಯುತ್ತಿದ್ದ, ಮರುಸೇರ್ಪಡೆ ಎಂದು ದಪ್ಪಕ್ಷರದಲ್ಲಿ ಬರೆದವರು ಸೇರಿಸಿಕೊಂಡದ್ದು ನೆಲವನ್ನು, ಸತ್ತವರನ್ನು ಗಡಿಯಾಚೆಯೇ ಬಿಟ್ಟರು, ಈ ಹುಡುಗಿ ಅವರನ್ನು ಈ ಕಡೆ ಎಳೆದು ತರುತ್ತಿದ್ದಾಳೆ, ಅದೂ ಒಬ್ಬಳೇ, ಅದೂ ನಿನ್ನ ಭಾಷೆಯಲ್ಲಿ. ಎಲ್ಲವೂ ಸಾಲಾಗಿ, ಸರಿಯಾಗಿ, ತಪ್ಪಿಲ್ಲದೆ ಬಂದು ಹಲ್ಲಿನ ಹಿಂದೆ ನಿಂತವು. ಅಷ್ಟರಲ್ಲಿ ಎಬ್ಬೆ ತಲೆ ಓರೆ ಮಾಡಿ, ನೀವೂ ಈ ಕಡೆಯವರೇನಾ ಎಂದು ಕೇಳಿದ. ಹೌದೆಂದಳು.

“ನಿಜವಾಗ್ಲೂ? ನಿಮ್ಮ ಮಾತಲ್ಲಿ ಗೊತ್ತೇ ಆಗಲ್ಲ.”

“ಥ್ಯಾಂಕ್ಸ್,” ಎಂದಳು ಬೊಟಿಲ್ಲಾ.

ಹೇಳಿದ ಮೇಲೆ ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅನುಮಾನವಾಯಿತು. ಬಂದಿತ್ತು. ಅವನು ಸಂಕೋಚದಿಂದ ನಕ್ಕು, ಹಾಗಿದ್ದರೆ ನಿಮಗೆ ಇದು ಹತ್ತಿರದ ವಿಷಯ, ಅರ್ಥವಾಗುತ್ತದೆ ಎಂದ. ಹತ್ತಿರದ ವಿಷಯ. ಅವಳು ಇನ್ನು ಏನೇ ಹೇಳಿದರೂ ಅದು ಹತ್ತಿರದವಳ ಮಾತಾಗುತ್ತದೆ, ದೂರದಲ್ಲಿರುವುದರಿಂದ ಅವನ ಮಾತಿಗೆ ತೂಕ. ಹಲ್ಲಿನ ಹಿಂದೆ ನಿಂತಿದ್ದ ಮಾತುಗಳು ಒಂದೊಂದಾಗಿ ವಾಪಸು ಹೋದವು. ಅವು ಹೋಗುವುದನ್ನು ಅವಳು ತಡೆಯಲಿಲ್ಲ. ಒಪ್ಪದಿದ್ದರೆ ಇಬ್ಬರೂ ಬೇರೆ ಬೇರೆ ಅಂಕ ಬರೆದು ಸರಾಸರಿ ತೆಗೆಯಬಹುದು, ಹತ್ತು ಮತ್ತು ನಾಲ್ಕು, ಏಳೇ ಬರುತ್ತದೆ. ಜಗಳಾಡಿದ್ದರೂ ಹುಡುಗಿಗೆ ಅಷ್ಟೇ ಸಿಗುತ್ತಿತ್ತು, ಆದರೆ ಜಗಳಾಡಿ ಸಿಗುತ್ತಿತ್ತು. ಈ ಲೆಕ್ಕ ಬೊಟಿಲ್ಲಾಳ ತಲೆಗೆ ಹೊಳೆಯುವ ಮೊದಲೇ ಎಬ್ಬೆ ಬಾಯಿ ತೆರೆದಿದ್ದ.

“ಏಳಕ್ಕೆ ನಾನು ಬರ್ತೀನಿ,” ಎಂದ. “ಸರಾಸರಿ ಗಿರಾಸರಿ ಅಂತ ಕಾಗದದ ಮೇಲೆ ಜಗಳ ಬೇಡ. ಆದರೆ ಆ ‘ನಾವು’ ತಪ್ಪು ಅಂತ ಅವಳಿಗೆ ಸ್ಪಷ್ಟವಾಗಿ ಹೇಳ್ಬೇಕು. ಮುಂದೆ ಇದೇ ವಿಷಯ ಓದೋ ಹುಡುಗಿ, ಈಗ್ಲೇ ಗೊತ್ತಾಗಲಿ. ನೀವೇ ಹೇಳಿದ್ರೆ ಒಳ್ಳೇದು. ನಿಮ್ಮ ಬಾಯಿಂದ ಬಂದ್ರೆ ಅವಳಿಗೆ ನೋವಾಗಲ್ಲ.”

ಮೂರು ಅಂಕ. ಬೊಟಿಲ್ಲಾ ಆ ಮೂರು ಅಂಕವನ್ನು ಹುಡುಗಿಗಾಗಿ ತೆಗೆದುಕೊಳ್ಳುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ವಾಕ್ಯ ಹೇಳಿದರೆ ಮುಗಿಯಿತು, ವಾಕ್ಯ ಗಾಳಿಯಲ್ಲಿ ಹೋಗುತ್ತದೆ, ಅಂಕ ಉಳಿಯುತ್ತದೆ. ಏಳಿದ್ದರೆ ಅವಳಿಗೆ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಇದರಲ್ಲಿ ತಪ್ಪೇನಿದೆ? ಹೀಗೆ ತನ್ನನ್ನು ಒಪ್ಪಿಸಿಕೊಳ್ಳುವ ತನ್ನ ಜಾಣತನವನ್ನು ನೋಡುತ್ತಾ ಅವಳಿಗೆ ಹೇಸಿಗೆಯಾಯಿತು. ಅಜ್ಜಿಯಂಥವರು ತೀರಿಹೋದ ಮೇಲೆ ಈ ಊರಿನಲ್ಲಿ ಸತ್ತವರನ್ನು ‘ನಾವು’ ಎಂದು ಕರೆಯುವ ಅಭ್ಯಾಸವೇ ಹೋಗಿತ್ತು, ಅದನ್ನು ತರಗತಿಯಲ್ಲಿ ಕೂತು ಮತ್ತೆ ಕಟ್ಟಿದವಳು ತಾನು. ಕಟ್ಟಿದವರೇ ಕೆಡವಿದರೆ ಯಾರಿಗೂ ನೋವಾಗುವುದಿಲ್ಲ, ಅಷ್ಟನ್ನು ಈ ಒಳ್ಳೆಯ ಮನುಷ್ಯ ಎಷ್ಟು ಚೆನ್ನಾಗಿ ಕಂಡುಕೊಂಡಿದ್ದಾನೆ. ಅವನ ತಟ್ಟೆಯಲ್ಲಿ ಕೇಕಿನ ಪುಡಿ ಕೂಡ ಉಳಿದಿರಲಿಲ್ಲ. ಆಗಲಿ ಎಂದಳು ಬೊಟಿಲ್ಲಾ. ಎದ್ದು ಹೋಗಿ ಬಾಗಿಲು ತೆರೆದು ಮಾರೆನ್‌ಳನ್ನು ಒಳಗೆ ಕರೆದಳು.

ಹುಡುಗಿ ನಿಂತೇ ಇದ್ದಳು, ಕೂರಲಿಲ್ಲ. ಬೊಟಿಲ್ಲಾ ಏಳು ಎಂದಳು. ಮೊದಲರ್ಧವನ್ನು ಹೊಗಳಿದಳು, ಎಬ್ಬೆ ಹೇಳಿದ ಚಿನ್ನದ ಮಾತನ್ನೂ ಸೇರಿಸಿದಳು. ಆಮೇಲೆ ತನ್ನ ದನಿ ತನಗೇ ರೇಡಿಯೋದಿಂದ ಬಂದ ಹಾಗೆ ಕೇಳಿಸತೊಡಗಿತು. ‘ನಾವು’ ಎಂದು ಹೇಳಿದ್ದು ತಪ್ಪು ಎಂದಳು. ಆ ಯುದ್ಧಕ್ಕೆ ಹೋದವರು ಜರ್ಮನ್ ಪ್ರಜೆಗಳು, ಇತಿಹಾಸ ಬರೆಯುವವರು ಅವರನ್ನು ‘ಅವರು’ ಎಂದೇ ಕರೆಯಬೇಕು, ನಾವು ಅವರಿಂದ ದೂರ ನಿಂತು ನೋಡಬೇಕು. ಕಲಿಸುವಾಗ ತಾನು ಕೊಟ್ಟಿದ್ದು ಬರೀ ಒಂದು ಅಭ್ಯಾಸ, ಆಟದ ಥರ. ಆಟದ ಥರ ಎನ್ನುವುದನ್ನು ಹೇಳು ಎಂದು ಎಬ್ಬೆ ಕೇಳಿರಲಿಲ್ಲ. ಅದು ಅವಳದೇ ಕೊಡುಗೆ. ಅವನು ಪಕ್ಕದಲ್ಲಿ ಮೆಲ್ಲಗೆ ತಲೆಯಾಡಿಸುತ್ತಿದ್ದ. ಮಾರೆನ್ ಗಮನವಿಟ್ಟು ಕೇಳಿದಳು, ಯಾವಾಗಲೂ ಕೇಳುವ ಹಾಗೆ, ಕೆಳತುಟಿ ಸ್ವಲ್ಪ ಒಳಗೆಳೆದುಕೊಂಡು. ಅವಳು ಅತ್ತಿದ್ದರೆ, ವಾದ ಮಾಡಿದ್ದರೆ, ನೀವೇ ಹೇಳಿಕೊಟ್ಟಿರಲ್ಲ ಎಂದು ಬೊಟಿಲ್ಲಾಳ ಮುಖಕ್ಕೆ ಹೊಡೆದಂತೆ ಹೇಳಿದ್ದರೆ! ಹುಡುಗಿ ಅರ್ಥವಾಯಿತು ಎಂದಳು. ಇಬ್ಬರ ಕೈಯನ್ನೂ ಕುಲುಕಿದಳು. ಅವಳ ಅಂಗೈ ಒದ್ದೆಯಾಗಿತ್ತು.

ಎಬ್ಬೆ ಅಂಕಪಟ್ಟಿಯಲ್ಲಿ ಏಳು ಬರೆಯುತ್ತಿದ್ದಾಗ ಬೊಟಿಲ್ಲಾ ಹುಡುಗಿಯ ಹಿಂದೆಯೇ ಹೊರಗೆ ಬಂದಳು. ಏಕೆ ಬಂದಳೆಂದು ಅವಳಿಗೆ ಗೊತ್ತಿರಲಿಲ್ಲ. ಒಳಗಿನ ಗಾಳಿ ಸಾಕಾಗಿತ್ತು. ಕೈಗಳನ್ನು ಅಂಗಿಯ ಜೇಬಿಗೆ ತುರುಕಿಕೊಂಡಳು. ಒಂದು ಸಲ ಹೇಳಿದ ಅಂಕವನ್ನು ಬದಲಿಸುವ ಹಾಗಿಲ್ಲ, ಅದು ನಿಯಮ. ಹೇಳಿದ ಮಾತಿಗೆ ಅಂಥ ನಿಯಮವೇನೂ ಇರಲಿಲ್ಲ. ಕಾರಿಡಾರಿನಲ್ಲಿ ನಿಸ್ ಮೊಣಕಾಲು ಹಿಡಿದುಕೊಂಡು ಎದ್ದ. ಬೊಟಿಲ್ಲಾಳನ್ನು ಕಂಡು ಮೋಯ್ನ್ ಎಂದ. ಊರಿನವರು ಬರುವಾಗಲೂ ಹೋಗುವಾಗಲೂ ಹೇಳುವ ಒಂದೇ ಮಾತು. ಟೋಪಿಯನ್ನು ಡಬ್ಬಿಯಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಮೊಮ್ಮಗಳ ತಲೆಗೆ ಇಟ್ಟ. ಅದು ಸ್ವಲ್ಪ ಓರೆಯಾಗಿ ಕೂತಿತು. ಎಷ್ಟು ಬಂತೆಂದು ಕೇಳಿದ.

ಏಳು ಎಂದಳು ಮಾರೆನ್.

“ಏಳ? ಹನ್ನೆರಡು ಬರ್ತಾವಂತ ಬೊಟಿಲ್ಲಾನ ಅಂದಿದ್ಳಲ್ಲ.”

ಒಂದು ತಪ್ಪಾಯಿತು, ಎಂದಳು ಹುಡುಗಿ. ‘ನಾವು’ ಎಂದುಬಿಟ್ಟೆ, ‘ಅವರು’ ಅನ್ನಬೇಕಿತ್ತು. ಅವಳು ಅದನ್ನು ಪರೀಕ್ಷೆಯ ಡೇನಿಷಿನಲ್ಲೇ ಹೇಳಿದಳು, ಕೋಣೆಯಿಂದ ಹೊರಗೆ ಬರುವಾಗ ಆ ಭಾಷೆಯನ್ನು ಬಾಗಿಲಲ್ಲಿ ಬಿಟ್ಟುಬರುವುದನ್ನು ಮರೆತವಳ ಹಾಗೆ. ಮುದುಕನಿಗೆ ಅರ್ಥವಾಗಲಿಲ್ಲ. ಅವನಿಗೆ ಸಿಟ್ಟೇನೂ ಬಂದಿರಲಿಲ್ಲ, ಕಿವಿ ಮಂದವಾದವರ ಹಾಗೆ ಹತ್ತಿರ ಬಾಗಿದ. ‘ಅವರು’ ಅಂದರೆ ಯಾರು ಎಂದು ಕೇಳಿದ. ಆಗ ಯುದ್ಧಕ್ಕೆ ಹೋದವರು ಎಂದಳು ಮೊಮ್ಮಗಳು.

“ನಮ್ಮ ಮುತ್ಯಾ ಹೋಗಿದ್ದ,” ಎಂದ ನಿಸ್. “ಅಂವಾ ಅವರಾ?” ಅವನು ಬೊಟಿಲ್ಲಾಳ ಕಡೆ ತಿರುಗಿದ. “ಏನ ಹೇಳಾಕತ್ತದ ಈ ಹುಡುಗಿ? ನೀ ಹೇಳು ಬೊಟಿಲ್ಲಾ. ಹೋದವ್ರು ಯಾರು?”

ಬಾಗಿಲು ಅರ್ಧ ತೆರೆದೇ ಇತ್ತು. ಒಳಗೆ ಎಬ್ಬೆ ಲೋಟಕ್ಕೆ ಕಾಫಿ ಬಗ್ಗಿಸಿಕೊಳ್ಳುವ ಸದ್ದು ಕೇಳುತ್ತಿತ್ತು. ಬೊಟಿಲ್ಲಾಳ ಎದೆಯಲ್ಲಿ ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು, ತೊಳೆದ ನಾಲಿಗೆಯಲ್ಲಿ ಅಲ್ಲ, ಅಡುಗೆಮನೆಯ ಬೆಂಚಿನ ಮಾತಿನಲ್ಲಿ, ಕಾರಿಡಾರಿನ ಆ ತುದಿಯವರೆಗೆ ಕೇಳುವಷ್ಟು ಗಟ್ಟಿಯಾಗಿ.

“ನಾವು, ನಿಸ್. ನಾವ ಹೋಗಿದ್ವಿ. ಅವರಲ್ಲ, ನಾವು.”

ಕಾಫಿಯ ಸದ್ದು ನಿಂತಿತು. ಅವನಿಗೆ ಕೇಳಿಸಿತ್ತು. ಕೇಳಲಿ, ಎಂದುಕೊಂಡಳು ಬೊಟಿಲ್ಲಾ. ಮುಖ ಬಿಸಿಯಾಗಿತ್ತು, ಎಷ್ಟೋ ವರ್ಷಗಳ ನಂತರ ಮೈ ಹಗುರವಾದ ಹಾಗೆ, ಈಗ ಅವನು ಹೊರಗೆ ಬಂದು ಏನು ಕೇಳಿದರೂ ಉತ್ತರ ಕೊಡಬಲ್ಲೆ ಎಂಬ ಹಾಗೆ. ನಿಸ್ ಹಾಗೆ ಹೇಳು ಮತ್ತೆ ಎಂಬಂತೆ ತಲೆಯಾಡಿಸಿದ. ಮಾರೆನ್ ಮಾತ್ರ ತಲೆಯಾಡಿಸಲಿಲ್ಲ. ಓರೆಯಾದ ಬಿಳಿ ಟೋಪಿಯ ಕೆಳಗಿನಿಂದ ಅವಳು ತನ್ನ ಟೀಚರನ್ನು ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ, ನೋವೂ ಇರಲಿಲ್ಲ; ದಣಿದ ಟೀಚರು ಕರಿಹಲಗೆಯ ಮೇಲೆ ಇಸವಿ ತಪ್ಪು ಬರೆದಾಗ ಕೈಯೆತ್ತಿ ನೆನಪಿಸುವ ಜಾಣ ಹುಡುಗಿಯ ಕಾಳಜಿ ಇತ್ತು.

“ಇಲ್ಲ ಬೊಟಿಲ್ಲಾ,” ಎಂದಳು, ಒಂದೂ ಅಕ್ಷರ ಜಾರದ ಡೇನಿಷಿನಲ್ಲಿ, ತಗ್ಗಿದ ದನಿಯಲ್ಲಿ, ಒಳಗಿನವರಿಗೆ ಕೇಳಿಸದಿರಲಿ ಎಂದು ಅವಳನ್ನೇ ಕಾಪಾಡುವವಳ ಹಾಗೆ. “ಹಾಗೆ ಹೇಳೋದು ತಪ್ಪು. ಈಗಷ್ಟೆ ನೀವೇ ಹೇಳಿದ್ರಲ್ಲ.”